ಹೂಂ ಅನ್ನಲು ಎರಡು ದಿನ

ಹೊನ್ನಾಳಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಕರುಣಾಕರನ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಆಟೋದಲ್ಲಿ ಹಾಕಿಕೊಂಡು ತಂದರೆ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಗುಂಯ್ ಎನ್ನಿಸಿ ಕೊಡುತ್ತಿದ್ದ. ಅಂಗಡಿಯಲ್ಲಿ ಅವನ ಕೈ ತಡವರಿಸಿದ್ದನ್ನು ಯಾರೂ ನೋಡಿಲ್ಲ. ಬದುಕಿನ ವಿಷಯಕ್ಕೆ ಬಂದರೆ ಮಾತ್ರ ಅವನಷ್ಟು ತಡವರಿಸುವ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಅವನದು ತಾತನ ಕಾಲದಿಂದಲೂ ಕ್ರೈಸ್ತ ಮನೆತನ. ದೇವರ ಚಿತ್ತ ಮೀರಿ ನಡೆಯಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನು. ಕೇಳಿದ ಮಾತೇನೋ ಸರಿಯಾದದ್ದೇ. ಅವನು ಅದನ್ನು ಹಿಡಿದುಕೊಂಡ ರೀತಿ ಬೇರೆಯಾಗಿತ್ತು. ದೇವರು ತನಗಾಗಿ ಒಂದೇ ಒಂದು ಗೆರೆ ಎಳೆದಿಟ್ಟಿದ್ದಾನೆ, ಅದು ತನ್ನ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಾಲು ಸ್ವಲ್ಪ ಆಚೆ ಬಿದ್ದರೂ ಎಲ್ಲ ಕೆಟ್ಟಿತು ಎಂದು ಅವನು ಒಳಗೊಳಗೇ ನಂಬಿದ್ದ. ಹೀಗಾಗಿ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಹೊಡೆಸಬೇಕು ಎನ್ನುವುದಕ್ಕೂ ಅವನಿಗೆ ಮೇಲಿನಿಂದ ಸೂಚನೆ ಬೇಕು. ಮದುವೆಗೆಂದು ಅರುಣಾಳನ್ನು ನೋಡಲು ಹೋಗಿ ಬಂದ ಮೇಲೆ, "ಸ್ವಾಮಿ, ಇವಳೇ ನಿನ್ನ ಚಿತ್ತವಾದರೆ ಬರುವ ಭಾನುವಾರ ಆರಾಧನೆಗೆ ಹಸಿರು ಸೀರೆ ಉಟ್ಟು ಬರಲಿ" ಎಂದು ಬೇಡಿಕೊಂಡಿದ್ದ. ಅವಳು ನೀಲಿ ಸೀರೆಯಲ್ಲಿ ಬಂದಳು. ಆರಾಧನೆ ಮುಗಿಯುವವರೆಗೂ ಮುಖ ಸಣ್ಣಗೆ ಮಾಡಿಕೊಂಡು ಕೂತವನಿಗೆ, ಹೊರಗಿನ ಬಿಸಿಲಿನಲ್ಲಿ ಸೀರೆಯ ಅಂಚು ಹಸಿರು ಎಂದು ಕಂಡಿತು. ಆ ಅಂಚಿನ ಬಲದ ಮೇಲೆ ಮದುವೆ ನಡೆಯಿತು. ಅರುಣಾಗೆ ಈ ಕಥೆ ಗೊತ್ತಾದದ್ದು ಆಮೇಲೆ. "ಅಂಚು ಕೆಂಪಿದ್ದಿದ್ರೆ ನನ್ನ ಗತಿ ಏನ್ರಿ?" ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅರುಣಾ ಖಾಸಗಿ ಶಾಲೆಯೊಂದರಲ್ಲಿ ಎಲ್‌ಕೆಜಿ ಮಕ್ಕಳ ಟೀಚರ್. ದಿನವಿಡೀ ಮಕ್ಕಳ ಮೂಗು ಒರೆಸಿ, ಶೂ ಕಟ್ಟಿ, ಜಗಳ ಬಿಡಿಸಿ ಮನೆಗೆ ಬಂದರೆ ಮನೆ ಸುಮ್ಮನಿರುತ್ತಿತ್ತು. ಮದುವೆಯಾಗಿ ವರ್ಷಗಳು ಕಳೆದರೂ ಅವರಿಗೆ ಮಕ್ಕಳಾಗಿರಲಿಲ್ಲ. ಆಸ್ಪತ್ರೆಗಳನ್ನು ಸುತ್ತಿ ಸುಸ್ತಾದ ಮೇಲೆ, "ನಾವೊಂದು ಕೂಸನ್ನ ದತ್ತು ತಗಳಾಣ" ಎಂದವಳು ಅವಳೇ. ಕರುಣಾಕರ ಆಗಲೂ ತಿಂಗಳುಗಟ್ಟಲೆ ಯೋಚಿಸಿದ. ಕಡೆಗೆ, ಹೆಸರು ನೋಂದಾಯಿಸಿದರೂ ಸರದಿ ಬರುವುದಕ್ಕೆ ವರ್ಷಗಳೇ ಬೇಕು, ಅಷ್ಟರಲ್ಲಿ ದೇವರ ಚಿತ್ತ ತಿಳಿದೀತು ಎಂಬ ಸಮಾಧಾನದಲ್ಲಿ ಒಪ್ಪಿದ. ಅಧಿಕಾರಿಗಳು ಮನೆಗೆ ಬಂದು ನೋಡಿಕೊಂಡು ಹೋದರು. ವರ್ಷ ಉರುಳಿತು, ಮತ್ತೊಂದು ಉರುಳಿತು. ಚಿತ್ತ ತಿಳಿಯಲಿಲ್ಲ. ಸರದಿ ಮಾತ್ರ ಬಂತು.

ಅದು ಒಂದು ಗುರುವಾರ ಬೆಳಿಗ್ಗೆ. ಅರುಣಾ ದೋಸೆ ಹುಯ್ಯುತ್ತಿದ್ದಾಗ ಮೊಬೈಲಿಗೆ ದತ್ತು ಕೇಂದ್ರದ ಮೆಸೇಜು ಬಂದಿತು. ನಾಲ್ಕು ವರ್ಷದ ಹೆಣ್ಣು ಮಗು, ಹೆಸರು ನಾಗರತ್ನ, ಆರೋಗ್ಯ ಚೆನ್ನಾಗಿದೆ. ಎರಡು ದಿನದೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲವಾದರೆ ಮಗುವನ್ನು ಸರದಿಯಲ್ಲಿರುವ ಬೇರೆಯವರಿಗೆ ತೋರಿಸುತ್ತಾರೆ. ಜೊತೆಗೊಂದು ಫೋಟೊ.

"ರೀ! ಬರ್ರಿ ಇಲ್ಲಿ!" ದೋಸೆ ಹೆಂಚಿನ ಮೇಲೆಯೇ ಸೀದು ಹೋಗುತ್ತಿತ್ತು. ಅರುಣಾ ಮೊಬೈಲು ಹಿಡಿದು ಅಳುತ್ತ ನಗುತ್ತ ನಿಂತಿದ್ದಳು. "ನೋಡ್ರಿ, ಹೆಂಗೈತೆ ನೋಡ್ರಿ ನಮ್ ಕೂಸು!"

ಕರುಣಾಕರ ಬಂದವನು ಸಟಕ್ಕನೆ ಮುಖ ತಿರುಗಿಸಿಕೊಂಡ.

"ಫೋಟೊ ತೋರಿಸಬ್ಯಾಡ."

"ಯಾಕ್ರಿ?"

"ನೋಡಿದ್ರೆ ಮನಸ್ಸು ಸೋತುಬಿಡ್ತೈತೆ, ಅರುಣಾ. ಆಮ್ಯಾಲೆ ದೇವರು ಬ್ಯಾಡ ಅಂದ್ರೂ ನನಗೆ ಕೇಳ್ಸಂಗಿಲ್ಲ. ಮೊದಲು ಆತನ ಚಿತ್ತ ತಿಳೀಲಿ. ನೀನು ನನ್ನ ಮೊಬೈಲಿಗೆ ಕಳಿಸಿರು, ಆಮ್ಯಾಲೆ ನೋಡ್ತೀನಿ."

ಅರುಣಾಳ ನಗು ನಿಂತಿತು. ಒಲೆ ಆರಿಸಿ, ಸೀದ ದೋಸೆಯನ್ನು ಕೆರೆದು ತೆಗೆದಳು. "ನಾನೊಬ್ಬಳೇ ಹೂಂ ಅನ್ನೋದಿಲ್ಲ. ಇಬ್ರೂ ಸೇರಿ ಅನ್ನಬೇಕು. ಶನಿವಾರ ಬೆಳಿಗ್ಗೆವರೆಗೂ ಟೈಮೈತೆ" ಎಂದಷ್ಟೇ ಹೇಳಿ ಶಾಲೆಗೆ ಹೊರಟಳು.

ಕರುಣಾಕರ ಅಂಗಡಿಗೆ ಹೋದ. ಷಟರ್ ಎತ್ತುವಾಗಲೇ ಬೇಡಿಕೊಂಡ: ಇವತ್ತು ಮೊದಲು ಬರುವ ಗಿರಾಕಿ ಬೋರ್‌ವೆಲ್ ಮೋಟಾರು ತಂದರೆ ಹೂಂ, ಹೊಳೆಯ ಪಂಪಿನ ಮೋಟಾರು ತಂದರೆ ಬೇಡ. ಮೊದಲು ಬಂದವಳು ಅವರ ಮನೆಯ ಮಾಲೀಕರ ಹೆಂಡತಿ ಕಸ್ತೂರಮ್ಮ. ಕೈಯಲ್ಲಿ ಮಿಕ್ಸಿ. "ಚಟ್ನಿ ರುಬ್ಬಾಕೆ ಹೋದ್ರೆ ಗರ್ ಅಂತ ನಿಂತುಬಿಡ್ತಪ್ಪ" ಎಂದಳು. ಮಿಕ್ಸಿಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದೆ ಅವನು ಅದನ್ನೇ ನೋಡುತ್ತ ಕೂತ. "ಅಷ್ಟು ದೊಡ್ಡ ರಿಪೇರಿ ಐತೇನಪ್ಪಾ?" ಎಂದು ಕಸ್ತೂರಮ್ಮ ಗಾಬರಿಯಾದಳು.

ಮಧ್ಯಾಹ್ನ ನ್ಯಾಮತಿಗೆ ಬೈಕು ಓಡಿಸಿದ. ಅವರ ಚರ್ಚಿನ ಸಭಾಪಾಲಕರಾದ ಅಯ್ಯನವರು ಅಲ್ಲಿದ್ದರು. ಅವರು ಸಂತೋಷಪಟ್ಟು, ಕೈ ಹಿಡಿದು ಪ್ರಾರ್ಥಿಸಿ, "ನಿಮ್ಮ ಮನಸ್ಸಿಗೆ ಸಮಾಧಾನ ಇದ್ದರೆ ಮುಂದಕ್ಕೆ ಹೋಗ್ರಿ" ಎಂದರು. ಬೇರೆ ಯಾರಿಗಾದರೂ ಸಾಕಾಗುವ ಮಾತು ಅದು. ಕರುಣಾಕರ ದಾರಿಯುದ್ದಕ್ಕೂ ತನಗೆ ಸಮಾಧಾನ ಇದೆಯೇ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡ. ಹಾಗೆ ಮುಟ್ಟಿ ನೋಡಿಕೊಂಡಷ್ಟೂ ಇದ್ದಬದ್ದ ಸಮಾಧಾನವೂ ಹೋಯಿತು.

ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಚನ್ನಗಿರಿಯಲ್ಲಿ ಅವನ ಅಕ್ಕ ಶಾಂತಲಾ ಇದ್ದಳು. ಅವಳಿಗೆ ಕನಸುಗಳು ಬೀಳುತ್ತಿದ್ದವು. ಬಿದ್ದ ಕನಸಿಗೆ ಅರ್ಥ ಇರುತ್ತದೆ ಎಂದು ಅವಳೂ ನಂಬಿದ್ದಳು, ತಮ್ಮನೂ ನಂಬಿದ್ದ. ಅವನು ಬಂದು ಕೂರುವ ಮೊದಲೇ ಅವಳು ಶುರು ಮಾಡಿದಳು.

"ನೀನು ಫೋನ್ ಮಾಡಿದ ಮ್ಯಾಲೆ ಮಲಗಿದ್ನಾ, ಕನಸು ಬಿತ್ತು ನೋಡಪ್ಪ. ನಿಮ್ಮನೆ ಬಾಗಿಲಾಗೆ ಒಂದು ಬಿಳೀ ಕರು ನಿಂತಿತ್ತು."

ಕರುಣಾಕರ ಕೂರುವುದನ್ನೇ ಮರೆತ. "ಹೆಣ್ಣುಗರುವೋ, ಹೋರಿಗರುವೋ?"

"ಕನಸಿನಾಗೆ ಅದನ್ನೆಲ್ಲ ಬಗ್ಗಿ ಯಾರು ನೋಡ್ತಾರೋ?"

"ಒಳಗೆ ಬರ್ತಿತ್ತೋ, ಹೊರಗೆ ಹೋಗ್ತಿತ್ತೋ?"

ಶಾಂತಲಾ ಕಣ್ಣು ಮುಚ್ಚಿ ಯೋಚಿಸಿದಳು. "ನಿಂತಿತ್ತು ಕಣೋ. ಸುಮ್ನೆ ನಿಂತಿತ್ತು. ಮೇವು ತಿಂತಿತ್ತು ಅನ್ಸುತ್ತೆ."

ಇಷ್ಟರಿಂದ ಏನು ಮಾಡಲಿಕ್ಕಾಗುತ್ತದೆ? ಅಕ್ಕ ಬಡಿಸಿದ ಮುದ್ದೆ ಸಾರು ಉಂಡು, ಅವನು ಮತ್ತೆ ಬೈಕ್ ಹತ್ತಿದ. ಇನ್ನು ಉಳಿದವಳು ಅಜ್ಜಮ್ಮ ಒಬ್ಬಳೇ. ಅವಳು ಇದ್ದದ್ದು ದೂರದ ಜಗಳೂರಿನಲ್ಲಿ. ಅವನ ತಾಯಿಯ ಗೆಳತಿ, ಮೊದಲು ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು. ಅಜ್ಜಮ್ಮ ಮೊಣಕಾಲೂರಿದರೆ ಸ್ವಾಮಿ ಎದುರಿಗೆ ಬಂದು ಕೂತ ಹಾಗೆ ಮಾತಾಡುತ್ತಾಳೆ ಎಂದು ಅವನ ತಾಯಿ ಹೇಳುತ್ತಿದ್ದಳು. ದಾವಣಗೆರೆ ದಾಟಿದ ಮೇಲೆ ಬಯಲು, ಬಿಸಿಲು, ಮೆಕ್ಕೆಜೋಳದ ಹೊಲ. ಜೇಬಿನಲ್ಲಿದ್ದ ಮೊಬೈಲಿನಲ್ಲಿ ಅರುಣಾ ಕಳಿಸಿದ ಫೋಟೊ ಹಾಗೆಯೇ ಇತ್ತು, ತೆರೆಯದೆ.

ಅಜ್ಜಮ್ಮ ಮನೆಯ ಮುಂದೆ ಚಾಪೆ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವನನ್ನು ಗುರುತು ಹಿಡಿಯುವುದಕ್ಕೆ ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಎದ್ದು, ಕೆನ್ನೆ ಸವರಿ, ನೀರು ಕೊಟ್ಟು, ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟು, ಅದನ್ನು ತಿನ್ನುವವರೆಗೂ ಬಂದ ಕಾರಣ ಕೇಳಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಮೆಸೇಜು, ಮಿಕ್ಸಿ, ಬಿಳಿ ಕರು.

"ಅಜ್ಜಿ, ನಾಳೆ ಬೆಳಿಗ್ಗೆ ಹೇಳ್ಬೇಕು. ನೀವು ಪ್ರಾರ್ಥನೆ ಮಾಡಿ, ಆತನ ಚಿತ್ತ ಏನು ಅಂತ ಕೇಳಿ ಹೇಳ್ರಿ."

"ನಾನ್ಯಾಕೆ ಕೇಳ್ಲಿ ಮಗಾ? ನಿನಗೂ ಆತ ಗೊತ್ತಲ್ಲ?"

"ಗೊತ್ತು."

"ಎಂಥೋನು?"

ಕರುಣಾಕರ ತಬ್ಬಿಬ್ಬಾದ. "ಅಂದ್ರೆ?"

"ಯೇಸು ಸ್ವಾಮಿ ಎಂಥೋನು ಅಂದೆ. ಪರೀಕ್ಷೆ ರೂಮಿನಾಗೆ ಹಿಂದೆ ಕೈ ಕಟ್ಕೊಂಡು, ಯಾರು ತಪ್ಪು ಮಾಡ್ತಾರೆ ಅಂತ ಓಡಾಡೋ ಮೇಷ್ಟ್ರು ಥರ ಅದಾನಾ? ನೀನು ಹೇಳೋದು ಕೇಳಿದ್ರೆ ನನಗೆ ಹಂಗೇ ಅನ್ಸುತ್ತಪ್ಪ."

"ಇಲ್ಲ ಅಜ್ಜಿ, ಹಂಗಲ್ಲ..."

"ಕೂಸುಗಳನ್ನ ಹತ್ರ ಬಿಡಬ್ಯಾಡ್ರಿ ಅಂತ ತಡೆದೋರ ಮ್ಯಾಲೆ ಸಿಟ್ಟು ಮಾಡಿದೋನು ಆತ. ಅಂಥೋನ ಹತ್ರ ಹೋಗಿ, ಈ ಕೂಸನ್ನ ಮನಿಗೆ ಕರಕೊಳ್ಳಲಾ ಬ್ಯಾಡ್ವಾ ಅಂತ ಮಿಕ್ಸಿ ಇಟ್ಕೊಂಡು ಕೇಳ್ತೀಯಲ್ಲೋ."

ಅವನು ನಕ್ಕುಬಿಟ್ಟ. ಯಾರಿಗೂ ಹೇಳದಿದ್ದ ಮಾತು ಆಗ ಹೊರಗೆ ಬಂತು. "ನನಗೆ ಹೆದರಿಕೆ ಅಜ್ಜಿ. ನಮಗೇ ಅಂತ ಇಟ್ಟ ಕೂಸು ಬೇರೆ ಇದ್ದು, ನಾನು ತಪ್ಪು ಮಾಡಿದ್ರೆ?"

"ತಪ್ಪಾದ್ರೆ ಆತ ನಿನ್ನ ಬಿಟ್ಟು ಓಡಿಹೋಗ್ತಾನಾ?"

ಅವನು ಚಾಪೆಯ ಮೇಲಿದ್ದ ಹುಣಸೆ ಬೀಜವೊಂದನ್ನು ಬೆರಳಿನಿಂದ ಉರುಳಿಸಿದ.

"ಹೇಳೋ. ಹೋಗ್ತಾನಾ?"

"ಇಲ್ಲ."

"ಮತ್ತೆ?" ಅಜ್ಜಮ್ಮ ಹುಣಸೆಹಣ್ಣಿನ ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಎಲ್ಲಿಗೆ ಅಂತ ಹೇಳ್ದೆ, ನನ್ ಹಿಂದೆ ಬರ್ರಿ ಅಂತ ಅಷ್ಟೇ ಅಂದ ಆತ, ಬಲೆ ಬಿಟ್ಟು ಬಂದ ಮೀನುಗಾರರಿಗೆ. ದಾರಿ ಗೊತ್ತಿರಲಿಲ್ಲ ಅವರಿಗೂ. ಆತ ಗೊತ್ತಿದ್ದ. ಸರಿ, ಆ ಕೂಸಿನ ಫೋಟೊ ಐತಾ?"

"ಐತೆ. ನಾನು ನೋಡಿಲ್ಲ."

ಏಕೆಂದು ಕೇಳಿದಳು. ಅವನು ಹೇಳಿದ. ಅಜ್ಜಮ್ಮ ಅವನ ಮುಖವನ್ನೇ ನೋಡಿ, ಆಮೇಲೆ ನಗಲು ಶುರು ಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು. "ತೆಗಿ ಇಲ್ಲಿ" ಎಂದಳು. ಕರುಣಾಕರ ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡೇ ಮೊಬೈಲು ಒತ್ತಿ ಅವಳ ಕಡೆ ಹಿಡಿದ.

"ಅಯ್ಯೋ ನನ್ನವ್ವ!" ಎಂದಳು ಅಜ್ಜಮ್ಮ. "ಏನ್ ಸಿಟ್ಟು ಮಾಡ್ಕೊಂಡೈತೋ ಇದು! ಫೋಟೊ ತೆಗೆದೋನಿಗೆ ಹೊಡ್ಯಂಗೆ ನಿಂತೈತೆ. ಚಪ್ಪಲಿ ಬ್ಯಾರೆ ಉಲ್ಟಾ ಹಾಕ್ಕೊಂಡೈತೆ. ಎಡಗಾಲಿಂದು ಬಲಗಾಲಿಗೆ!"

ಕರುಣಾಕರ ತಿರುಗಿ ನೋಡಿದ.

ಗೋಡೆಯ ಮುಂದೆ ಒಂದು ಹೆಣ್ಣುಮಗು ನಿಂತಿತ್ತು. ಹಳದಿ ಫ್ರಾಕು, ಕತ್ತರಿಸಿದ ಕೂದಲು, ಗಂಟಿಕ್ಕಿದ ಹುಬ್ಬು. ಎರಡೂ ಕೈಯನ್ನು ಮುಷ್ಟಿ ಕಟ್ಟಿಕೊಂಡಿತ್ತು. ಚಪ್ಪಲಿಯ ತುದಿಗಳು ಒಂದೊಂದು ದಿಕ್ಕಿಗೆ ಹೊರಳಿದ್ದವು. ಆಕಾಶ ತೆರೆಯಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಈ ಚಪ್ಪಲಿಯನ್ನು ಯಾರಾದರೂ ಬಗ್ಗಿ ಸರಿಯಾಗಿ ಹಾಕಬೇಕಲ್ಲ ಎಂದು ಮಾತ್ರ ಅವನಿಗೆ ಅನ್ನಿಸಿತು. ಅನ್ನಿಸಿದ್ದೇ ಕಣ್ಣು ತುಂಬಿ ಬಂತು.

ಅಲ್ಲೇ ಚಾಪೆಯ ಮೇಲೆ ಅವನು ತಲೆ ಬಗ್ಗಿಸಿದ. ಎರಡು ದಿನದಿಂದ ಮಾಡಿದ ಪ್ರಾರ್ಥನೆಗಳೆಲ್ಲ ಪ್ರಶ್ನೆಗಳಾಗಿದ್ದವು. ಈಗ ಪ್ರಶ್ನೆ ಬರಲಿಲ್ಲ. "ಸ್ವಾಮಿ, ನಾವು ಇವಳನ್ನ ಕರಕೊಂಡು ಬರ್ತೀವಿ. ನೀನೂ ಜೊತೆಗೆ ಬಾ" ಎಂದ. ಹೆದರಿಕೆ ಹೋಗಿರಲಿಲ್ಲ, ಆದರೆ ಅದನ್ನು ಒಬ್ಬನೇ ಹೊತ್ತುಕೊಂಡಿಲ್ಲ ಎನ್ನಿಸಿತು. ಹಗುರಾಗಿ ಎದ್ದ.

ಅರುಣಾಗೆ ಫೋನ್ ಹಚ್ಚಿದ. ಅವಳು ಮೊದಲ ರಿಂಗಿಗೇ ಎತ್ತಿದಳು.

"ಅರುಣಾ, ಹೂಂ ಅನ್ನು."

"ಏನು?"

"ಹೂಂ ಅಂತ ಒತ್ತು. ಈಗ್ಲೇ ಒತ್ತು. ನಾಳೆವರೆಗೂ ಯಾಕೆ?"

ಅರುಣಾ ಕೇಳಿದಳು, "ಸೂಚನೆ ಸಿಕ್ತೇನ್ರಿ?"

"ಇಲ್ಲ. ಫೋಟೊ ನೋಡಿದೆ."

ಅವಳು ಅತ್ತಳೋ ನಕ್ಕಳೋ, ಫೋನಿನಲ್ಲಿ ಅವನಿಗೆ ಗೊತ್ತಾಗಲಿಲ್ಲ. ಹಿಂದಿನಿಂದ ಕಸ್ತೂರಮ್ಮನ ದನಿ ಕೇಳಿಸಿತು: "ಏನಂತೆ? ಏನಂತೆ? ಹೇಳೇ ಅರುಣಾ!" ಆಮೇಲೆ ಇಬ್ಬರೂ ಕೂಗಿಕೊಂಡರು. ಇತ್ತ ಅಜ್ಜಮ್ಮ ಬಾಯಿಗೆ ಬಂದ ಸ್ತುತಿಯ ಹಾಡೊಂದನ್ನು ಗಟ್ಟಿಯಾಗಿ ಹೇಳುತ್ತ, ದಾರಿಗೆಂದು ಮಂಡಕ್ಕಿ ಕಟ್ಟತೊಡಗಿದಳು.

ದತ್ತು ಕೇಂದ್ರಕ್ಕೆ ಅವರಿಬ್ಬರೂ ಹೋದಾಗ ನಾಗರತ್ನ ಓಡಿ ಬಂದು ತಬ್ಬಿಕೊಳ್ಳಲಿಲ್ಲ. ಬಾಗಿಲ ಹತ್ತಿರ ನಿಂತು ಇಬ್ಬರನ್ನೂ ಅಳೆದು ನೋಡಿ, ಕರುಣಾಕರನನ್ನು ಕೇಳಿದಳು:

"ನಿಮ್ಮನೇಲಿ ನಾಯಿ ಐತಾ?"

"ಇಲ್ಲವ್ವ."

"ಕೋಳಿ?"

"ಕೋಳಿನೂ ಇಲ್ಲ."

"ಮತ್ತೆ ಏನೈತೆ?"

ಕರುಣಾಕರ ಯೋಚಿಸಿದ. "ಮೋಟಾರು ಐತೆ. ಭಾಳ ಐತೆ. ಗುಂಯ್ ಅಂತಾವೆ."

"ಹೆಂಗೆ?"

ಅವನು ಗುಂಯ್ ಎಂದು ಮಾಡಿ ತೋರಿಸಿದ. ಅವಳು ಮತ್ತೊಮ್ಮೆ ಮಾಡಿಸಿದಳು. ಆಮೇಲೆ ತಾನೇ ಮಾಡಿದಳು. ಕೇಂದ್ರದ ಮೇಡಂ ಕಚೇರಿಯಿಂದ ಹೊರಗೆ ಬಂದಾಗ ಇಬ್ಬರೂ ನೆಲದ ಮೇಲೆ ಕೂತು ಗುಂಯ್‌ಗುಡುತ್ತಿದ್ದರು.

ಹೊನ್ನಾಳಿಗೆ ಬಂದ ದಿನ ಕಸ್ತೂರಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಿಂತ ಮೇಲೆ, ಇವರು ಕ್ರೈಸ್ತರಲ್ಲವೇ, ಆರತಿ ಎತ್ತಬಹುದೋ ಬಾರದೋ ಎಂದು ಅನುಮಾನ ಹುಟ್ಟಿ, ತಟ್ಟೆಯನ್ನು ತನ್ನ ಸೊಸೆಯ ಕೈಗೆ ಕೊಟ್ಟು, ಮಗುವಿನ ಕೆನ್ನೆ ನೀವಿ ಲಟಿಕೆ ಮುರಿದಳು. ಹೋಳಿಗೆ ಮಾತ್ರ ಮಾಡಿಯೇ ತಂದಿದ್ದಳು. ಶಾಂತಲಾ ಚನ್ನಗಿರಿಯಿಂದ ಬಂದು, ಮಗುವಿನ ಬಿಳಿ ಫ್ರಾಕು ನೋಡಿ, "ನಾನು ಕಂಡಿದ್ದು ಇದೇ" ಎಂದು ಎಲ್ಲರಿಗೂ ಹೇಳುತ್ತ ಓಡಾಡಿದಳು. ಯಾರೂ ವಾದ ಮಾಡಲಿಲ್ಲ. ಹೆಸರು ಬದಲಿಸಬೇಕೇ ಎಂದು ಯಾರೋ ಕೇಳಿದಾಗ ಅರುಣಾ, "ಅವಳ ಹೆಸರು ಅವಳದು" ಎಂದಳು. ಮನೆಯಲ್ಲಿ ರತ್ನ ಎಂದು ಕರೆದರು.

ಎಲ್ಲವೂ ಸಲೀಸಾಗಲಿಲ್ಲ. ರತ್ನ ಅರುಣಾಳ ಸೆರಗು ಬಿಡುತ್ತಿರಲಿಲ್ಲ. ಊಟ ಮಾಡುವಾಗ ಅರ್ಧ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಒಂದೊಂದು ಸಲ ಕಾರಣವಿಲ್ಲದೆ ಮಂಚದ ಕೆಳಗೆ ಸೇರಿಕೊಂಡು ಕರೆದರೂ ಬರುತ್ತಿರಲಿಲ್ಲ. ಕರುಣಾಕರ ಆಗೆಲ್ಲ ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಏನೂ ಹೇಳದೆ, ಅವಳಾಗಿ ಬರುವವರೆಗೂ ಇರುತ್ತಿದ್ದ. ಬಂದು ಕೆಲವೇ ವಾರಕ್ಕೆ ಅವಳಿಗೆ ಜೋರು ಜ್ವರ ಹಿಡಿಯಿತು. ಮೈ ಕೆಂಡವಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಹಳೆಯ ಯೋಚನೆ ಹಾವಿನಂತೆ ತಲೆಯೆತ್ತಿತು: ಇದು ಏನಾದರೂ ಸೂಚನೆಯೇ? ತಾನು ಗೆರೆ ದಾಟಿದೆನೇ?

ಅವನು ಆ ಯೋಚನೆಯ ಜೊತೆ ವಾದಕ್ಕೆ ಕೂರಲಿಲ್ಲ. ಮಗು ಕಣ್ಣು ಮುಚ್ಚಿಕೊಂಡೇ ಅವನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. "ಸ್ವಾಮಿ, ನೀನು ಇಲ್ಲೇ ಇದೀಯ. ಅಷ್ಟು ಗೊತ್ತು ನನಗೆ" ಎಂದು ಮೆಲ್ಲಗೆ ಅಂದುಕೊಂಡು, ಒದ್ದೆ ಬಟ್ಟೆಯನ್ನು ಅವಳ ಹಣೆಯ ಮೇಲೆ ಮತ್ತೆ ಇಟ್ಟ. ಪಕ್ಕದಲ್ಲಿ ಕೂತಿದ್ದ ಅರುಣಾ ಅವನ ಮುಖ ನೋಡಿದಳು. ಏನು ಕಂಡಳೋ, ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಡಾಕ್ಟರು, "ಎಲ್ಲ ಮಕ್ಕಳಿಗೂ ಬಂದೈತೆ ಈಗ, ವೈರಲ್ಲು. ಗಂಜಿ ಕೊಡ್ರಿ" ಎಂದು ಕಳಿಸಿದರು. ಜ್ವರ ಇಳಿದ ಬೆಳಿಗ್ಗೆ ರತ್ನ ಗಂಜಿಯ ಬಟ್ಟಲನ್ನು ಆಚೆ ತಳ್ಳಿ, ಹೋಟೆಲಿನ ಮಿರ್ಚಿ ಬಜ್ಜಿ ಬೇಕೆಂದು ಹಟ ಹಿಡಿದಳು. ಕರುಣಾಕರ ಕೊಡಿಸುವುದಿಲ್ಲ ಎಂದ. ಯಾರಿಗೂ ಅವನು ಅಷ್ಟು ಸಂತೋಷದಿಂದ ಇಲ್ಲ ಎಂದಿರಲಿಲ್ಲ.

ಈಸ್ಟರ್ ಮುಗಿದ ಮರುದಿನ ಸಭೆಯವರೆಲ್ಲ ಸಾಸ್ವೆಹಳ್ಳಿಯ ಹೊಳೆದಂಡೆಗೆ ಊಟ ಕಟ್ಟಿಕೊಂಡು ಹೋದರು. ಬೇಸಿಗೆಯ ಹೊಳೆ ತೆಳ್ಳಗೆ ಹರಿಯುತ್ತಿತ್ತು. ಅಯ್ಯನವರು ಪಂಚೆ ಎತ್ತಿಕಟ್ಟಿ ಮಕ್ಕಳ ಜೊತೆ ನೀರಿಗಿಳಿದಿದ್ದರು. ಹೆಂಗಸರು ಹುಣಸೆಮರದ ನೆರಳಿನಲ್ಲಿ ಜಮಖಾನ ಹಾಸಿ, ಹಾಡುತ್ತ ಎಲೆ ಹಾಕುತ್ತಿದ್ದರು. ಜಗಳೂರಿನಿಂದ ಅಜ್ಜಮ್ಮನನ್ನೂ ಕಾರು ಮಾಡಿ ಕರೆಸಿದ್ದರು. ಎಲ್ಲರಿಗಿಂತ ಅವಳ ದನಿಯೇ ದೊಡ್ಡದಾಗಿತ್ತು.

ಕರುಣಾಕರ ಎರಡೂ ಕೈಯಲ್ಲಿ ಚಿತ್ರಾನ್ನದ ಪಾತ್ರೆ ಹಿಡಿದು ದಂಡೆಯ ಕೆಳಗಿನಿಂದ ಬರುತ್ತಿದ್ದ. ಅವನ ತಲೆಯಷ್ಟು ಎತ್ತರದ ಬಂಡೆಯ ಮೇಲೆ ರತ್ನ ನಿಂತಿದ್ದಳು. ಅವನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಪ್ಪಾ!" ಎಂದಳು. ಹಿಡ್ಕೋ ಎನ್ನಲಿಲ್ಲ, ಹಾರಲಾ ಎಂದು ಕೇಳಲಿಲ್ಲ. ಎರಡೂ ಕೈ ಚಾಚಿ ಹಾರಿಯೇಬಿಟ್ಟಳು.

ಪಾತ್ರೆ ಎಲ್ಲಿ ಬಿತ್ತೋ ಅವನಿಗೆ ತಿಳಿಯದು. ರತ್ನ ಮಾತ್ರ ಅವನ ಎದೆಯ ಮೇಲಿದ್ದಳು, ಕೊರಳು ಬಿಗಿಯಾಗಿ ಹಿಡಿದು, ಕಿಲಕಿಲ ನಗುತ್ತ. ಮರಳಿನ ತುಂಬ ಹಳದಿ ಅನ್ನ ಚೆಲ್ಲಿತ್ತು. ಹಾಡು ನಿಂತು ಹೆಂಗಸರೆಲ್ಲ ತಿರುಗಿ ನೋಡಿದರು. ಅರುಣಾ ಕೈ ಸೊಂಟಕ್ಕಿಟ್ಟು, "ಇನ್ನೇನು ಉಣ್ಣಾಣ ಎಲ್ಲರೂ?" ಎಂದು ಗದರಿಸಲು ಹೋಗಿ, ಮಾತು ಮುಗಿಸಲಾಗದೆ ನಕ್ಕುಬಿಟ್ಟಳು.

"ಇನ್ನೊಂದು ಸಲ, ಅಪ್ಪಾ" ಎಂದು ರತ್ನ ಕಾಲು ಝಾಡಿಸಿದಳು.

ಕರುಣಾಕರ ಅವಳನ್ನು ಎತ್ತಿ ಮತ್ತೆ ಬಂಡೆಯ ಮೇಲೆ ನಿಲ್ಲಿಸಿದ.